ಮಣ್ಣಿಗೆ ಹೋಗದ ಜವರಯ್ಯ

ನಮ್ಮ ಭಾವ ಜವರಯ್ಯ ಇನ್ನು ಮೇಲೆ ಸಾಯುವುದಿಲ್ಲ ಎಂದು ತೀರ್ಮಾನವಾದದ್ದು ನಲವತ್ತೇಳನೇ ಇಸವಿಯಲ್ಲಿ. ತೀರ್ಮಾನ ಮಾಡಿದವನು ಬನ್ನಿಮಂಟಪದ ಮೈದಾನದ ಅಂಚಿಗೆ ಗುಡಾರ ಹಾಕಿಕೊಂಡಿದ್ದ ಒಬ್ಬ ಬೈರಾಗಿ. ಅವನು ಯಾವ ಊರಿನವನು, ಯಾವ ಮಠದವನು ಎಂದು ಕೇಳುವಷ್ಟು ಬುದ್ಧಿ ನಮ್ಮ ಮೊಹಲ್ಲಾದಲ್ಲಿ ಯಾರಿಗೂ ಇರಲಿಲ್ಲ. ಕಾಶಿಯಿಂದ ಬಂದವನು ಎಂದರು, ಹಿಮಾಲಯ ಎಂದರು. ಮಾತು ಕೇಳಿದರೆ ನಂಜನಗೂಡು ದಾಟಿ ಆಚೆಗೆ ಹೋದವನಂತೆ ಕಾಣುತ್ತಿರಲಿಲ್ಲ.

ಭಾವನಿಗೆ ಬಹುವಚನ ಕೊಡಬೇಕು, ಗೊತ್ತು. ಎದುರಿಗೆ ಕೊಡುತ್ತಲೂ ಇದ್ದೆ. ಬರೆಯುವಾಗ ಕೈಗೆ ಬರುತ್ತಿಲ್ಲ.

ಜವರಯ್ಯ ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಮಾರುತ್ತಿದ್ದವನು. ಹುಟ್ಟೂರು ಇಲವಾಲ. ಅಣ್ಣ ಹೊಲ ನೋಡಿಕೊಂಡ, ಇವನು ಪೇಟೆಗೆ ಬಂದು ಎಲೆ ಹಿಡಿದ. ಒಳ್ಳೆಯ ವ್ಯಾಪಾರಿ, ಅದನ್ನು ಇಲ್ಲವೆನ್ನಲಾರೆ. ಬೆಳಿಗ್ಗೆ ಒದ್ದೆ ಗೋಣಿಯ ಮೇಲೆ ಕೂತು ಕಟ್ಟು ಬಿಚ್ಚಿ, ಕೊಳೆ ಹಿಡಿದ ಎಲೆಯನ್ನು ಕಣ್ಣಿಗಿಂತ ಮೊದಲು ಬೆರಳಲ್ಲೇ ಪತ್ತೆ ಹಚ್ಚಿ ಎಸೆಯುತ್ತಿದ್ದ. ಮಕ್ಕಳಿರಲಿಲ್ಲ. ಅವನು, ನಮ್ಮಕ್ಕ ಚಾಮುಂಡಮ್ಮ, ಇಬ್ಬರೇ. ಮನೆ ಲಷ್ಕರ್ ಮೊಹಲ್ಲಾದ ಒಂದು ಗಲ್ಲಿಯಲ್ಲಿ. ನನ್ನ ಸೈಕಲ್ ರಿಪೇರಿ ಅಂಗಡಿ ಅದೇ ಗಲ್ಲಿಯ ಬಾಯಿಗೆ. ಹಾಗಾಗಿ ಈ ನಾಟಕವನ್ನು ಮೊದಲಿನಿಂದ ಕೊನೆಯವರೆಗೆ ಪುಕ್ಕಟೆ ನೋಡುವ ಯೋಗ ನನಗೆ ಬಂತು.

ಐವತ್ತು ದಾಟಿದ ಮೇಲೆ ಅವನಿಗೆ ಮಂಡಿ ಹಿಡಿಯಿತು, ತಲೆ ನರೆಯಿತು, ಒಂದು ಹಲ್ಲು ಅಲ್ಲಾಡಿತು. ಎಲ್ಲರಿಗೂ ಆಗುವುದೇ. ಇವನಿಗೆ ಮಾತ್ರ ಅದು ಯಾರೋ ಬೀದಿಯಲ್ಲಿ ನಿಲ್ಲಿಸಿ ಬೈದಷ್ಟು ಅವಮಾನವಾಯಿತು. ಬೈರಾಗಿ ನಾಡಿ ಹಿಡಿದು, ಕಾಯಕಲ್ಪ ಮಾಡಿಸುತ್ತೇನೆ, ಆಮೇಲೆ ಮುಪ್ಪೂ ಇಲ್ಲ ಸಾವೂ ಇಲ್ಲ ಎಂದ. ಎಲೆ ಇಡುವ ಕೋಣೆಯ ಕಿಟಕಿಗೆ ಗೋಣಿ ಹೊಡೆದು ಇವನನ್ನು ಒಳಗೆ ಕೂರಿಸಿದರು. ಉಪ್ಪಿಲ್ಲ, ಹುಳಿಯಿಲ್ಲ, ಬೆಳಕಿಲ್ಲ. ಹಾಲು, ಅದರ ಜೊತೆಗೆ ಸಗಣಿ ಬಣ್ಣದ ಒಂದು ಲೇಹ್ಯ. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು ಆ ದಿನಗಳಲ್ಲೇ. ಮೈಸೂರಿಗೆ ಮೈಸೂರೇ ಬಾವುಟ ಹಿಡಿದು ಬೀದಿಯಲ್ಲಿತ್ತು, ನಮ್ಮ ಭಾವ ಕತ್ತಲಲ್ಲಿ ಕೂತು ಹಾಲು ಕುಡಿಯುತ್ತಿದ್ದ. ಹೊರಗೆ ಬಂದವನು ಮೊದಲು ಕೇಳಿದ್ದು ಕನ್ನಡಿ. ಅಕ್ಕ ದೇಶದ ಸುದ್ದಿ ಹೇಳಿದರೆ, ಹೌದಾ ಎಂದನಂತೆ.

ಕೂದಲು ಕಪ್ಪಾಗಿತ್ತು. ಬೈರಾಗಿ ದಿನಾ ತಲೆಗೆ ಬಳಿಯುತ್ತಿದ್ದ ಎಣ್ಣೆ ಯಾವುದು ಎಂದು ಯಾರೂ ಕೇಳಲಿಲ್ಲ. ಮುಖ ಹೊಳೆಯುತ್ತಿತ್ತು. ಕೆಲಸ ಬಿಟ್ಟು ಹಾಲು ಕುಡಿದು ಮಲಗಿದರೆ ನಮ್ಮ ಗಲ್ಲಿಯ ಬೀಡಾಡಿ ಹೋರಿಯೂ ಹೊಳೆಯುತ್ತದೆ. ಆದರೂ ಜನ ಸಾಲುಗಟ್ಟಿ ನೋಡಿದರು, ಕೆಲವರು ಕಾಲಿಗೆ ಬಿದ್ದರು. ಎದುರು ಮನೆಯ ಸದಾಶಿವಯ್ಯನವರು ಕಚೇರಿಯಲ್ಲಿ ಗುಮಾಸ್ತರು, ದಿನಾ ಇಂಗ್ಲಿಷ್ ಪೇಪರ್ ಓದುವವರು. ಅಂಥವರೇ ಕನ್ನಡಕ ಏರಿಸಿಕೊಂಡು ಇವನ ಬಾಯಿಗೆ ಕೈ ಹಾಕಿ ಹಲ್ಲು ಅಲ್ಲಾಡಿಸಿ ನೋಡಿ, ಗಟ್ಟಿಯಾಗಿದೆ ಎಂದು ಸರ್ಟಿಫಿಕೇಟು ಕೊಟ್ಟರು. ಇನ್ನು ನಾಲ್ಕನೇ ಕ್ಲಾಸು ಓದಿದ ನನ್ನ ಮಾತು ಯಾರಿಗೆ ಬೇಕು.

ಬೈರಾಗಿ ಹೋಗುವಾಗ ಪಥ್ಯ ಹೇಳಿ ಹೋದ. ಊಟದ ಪಥ್ಯವಲ್ಲ, ಸಾವಿನ ಪಥ್ಯ. ಹೆಣದ ಮುಖ ನೋಡಬಾರದು. ಸಾವಿನ ಮನೆ ಹೊಸಿಲು ತುಳಿಯಬಾರದು. ಚಟ್ಟಕ್ಕೆ ಹೆಗಲು ಕೊಡಬಾರದು, ಗುಂಡಿಗೆ ಮಣ್ಣು ಹಾಕಬಾರದು, ತಿಥಿಯ ಅನ್ನ ಉಣ್ಣಬಾರದು. ಇದರಲ್ಲಿ ಒಂದು ತಪ್ಪಿದರೂ ಔಷಧಿ ಮುರಿದು ಹೋಗುತ್ತದೆ. ಇಷ್ಟು ಹೇಳಿ, ಅಕ್ಕ ಕೊಟ್ಟ ಹೊಸ ಪಂಚೆ ಉಟ್ಟುಕೊಂಡು ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಕಳ್ಳನಾದರೂ ಜಾಣ. ಮುಂದೆ ಏನಾದರೂ ಹೆಚ್ಚುಕಮ್ಮಿಯಾದರೆ ತಪ್ಪೆಲ್ಲ ಲೇಹ್ಯ ತಿಂದವನ ತಲೆಗೇ ಬೀಳುವ ಹಾಗೆ ಕಟ್ಟಿಟ್ಟು ಹೋದ.

ನಮ್ಮ ಜನಕ್ಕೆ ಮದುವೆಗೆ ಹೋಗದಿದ್ದರೆ ನಡೆಯುತ್ತದೆ. ಮಣ್ಣಿಗೆ ಹೋಗದಿದ್ದರೆ ನಡೆಯುವುದಿಲ್ಲ. ಮಾತು ಬಿಟ್ಟಿರಲಿ, ಕೋರ್ಟಿನಲ್ಲಿ ವ್ಯಾಜ್ಯ ನಡೆಯುತ್ತಿರಲಿ, ಸತ್ತ ಸುದ್ದಿ ಬಂತು ಎಂದರೆ ಕೈಲಿದ್ದ ಕೆಲಸ ಹಾಗೇ ಬಿಟ್ಟು ಹೋಗಿ ಮೂರು ಹಿಡಿ ಮಣ್ಣು ಹಾಕಿ ಬರಬೇಕು. ಅಂಥ ಜನದ ನಡುವೆ ಇವನು ಈ ಪಥ್ಯ ಹಿಡಿದ.

ಮೊದಲು ಸತ್ತವನು ಇವನ ಒಡಹುಟ್ಟಿದ ಅಣ್ಣನೇ. ಅಣ್ಣನ ಮಗ ಮಹದೇವು ಇಲವಾಲದಿಂದ ಸೈಕಲ್ ತುಳಿದು ಬಂದು ಬಾಗಿಲಲ್ಲಿ ನಿಂತ. ಜವರಯ್ಯ ಒಳಗಿನಿಂದಲೇ ಜ್ವರ ಎಂದ. ಅಕ್ಕ ಒಬ್ಬಳೇ ಹೋದಳು. ಅಲ್ಲಿ ಹೆಂಗಸರು ಕೇಳಿದ್ದಕ್ಕೆಲ್ಲ ತಲೆ ತಗ್ಗಿಸಿ ಜ್ವರ ಎಂದಳು. ಆಮೇಲೆ ಎಷ್ಟೋ ಮಣ್ಣಿಗೆ ಅವಳು ಅದೇ ಜ್ವರವನ್ನು ಸೆರಗಲ್ಲಿ ಕಟ್ಟಿಕೊಂಡು ಹೋದಳು. ಇಷ್ಟು ಜ್ವರ ಬಂದೂ ಮನುಷ್ಯ ಬದುಕಿದ್ದಾನೆ ಎಂದರೆ ಕಾಯಕಲ್ಪ ನಿಜವೇ ಇರಬೇಕು ಎಂದು ಮಹದೇವು ಹೇಳಿಕೊಂಡು ತಿರುಗಿದ್ದು ನನ್ನ ಕಿವಿಗೂ ಬಿತ್ತು.

ಸಾಯದೆ ಇರುವುದೇ ಒಂದು ಉದ್ಯೋಗವಾಯಿತು. ಎಲೆ ವ್ಯಾಪಾರ ಅದರ ಹಿಂದೆ ಬಿತ್ತು. ಎಲೆ ಕೇಳಿ ಬಂದವರನ್ನೆಲ್ಲ ಯಾವುದಕ್ಕೆ ಎಂದು ವಿಚಾರಿಸುತ್ತಿದ್ದ. ಸಾವಿನ ಮನೆಗೂ ಎಲೆ ಅಡಿಕೆ ಬೇಕಲ್ಲ, ಅಂಥವರಿಗೆ ಕೊಡುತ್ತಿರಲಿಲ್ಲ. ಜನ ಸುಳ್ಳು ಹೇಳಲು ಕಲಿತರು. ಒಬ್ಬ ನಾಮಕರಣ ಎಂದು ಒಯ್ದವನು ಅಪ್ಪನ ತಿಥಿಗೆ ಒಯ್ದಿದ್ದ ಎಂದು ತಿಳಿದು ಇವನು ವಾರಗಟ್ಟಲೆ ನಾಡಿ ಹಿಡಿದುಕೊಂಡು ಕೂತ. ವ್ಯಾಪಾರ ಬಿದ್ದುಹೋಯಿತು. ಅವನ ಜಾಗದಲ್ಲಿ ಅಕ್ಕ ಗೋಣಿಯ ಮೇಲೆ ಕೂತಳು. ಅವಳು ಯಾರನ್ನೂ ಯಾವುದಕ್ಕೆ ಎಂದು ಕೇಳಲಿಲ್ಲ.

ಇವನಿಗೆ ಬೆಳಿಗ್ಗೆ ಎದ್ದರೆ ಗಲ್ಲಿ ಸುತ್ತುವ ಕೆಲಸ. ಯಾರು ಕೆಮ್ಮುತ್ತಿದ್ದಾರೆ, ಯಾರಿಗೆ ಗಂಜಿ ಇಳಿಯುತ್ತಿಲ್ಲ, ಯಾರನ್ನು ನೋಡಲು ಮಗಳು ಗಂಡನ ಮನೆಯಿಂದ ಓಡಿ ಬಂದಿದ್ದಾಳೆ, ಎಲ್ಲ ವಿಚಾರಿಸುತ್ತಿದ್ದ. ಇವನಷ್ಟು ಸಾವಿನ ಸುದ್ದಿ ಡಾಕ್ಟರುಗಳಿಗೂ ಗೊತ್ತಿರಲಿಲ್ಲ. ತಮಟೆ ಸದ್ದು ಕೇಳಿದರೆ ಯಾವ ಅಂಗಡಿ ಸಿಕ್ಕಿದರೆ ಆ ಅಂಗಡಿಗೆ ನುಗ್ಗುತ್ತಿದ್ದ. ಒಮ್ಮೆ ಹೆಂಗಸರ ಬಳೆ ಅಂಗಡಿಗೆ ನುಗ್ಗಿ ಒದೆ ತಿನ್ನುವುದು ಸ್ವಲ್ಪದರಲ್ಲಿ ತಪ್ಪಿತು. ಗಲ್ಲಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಬಗಲಿಗೆ ಚೀಲ, ಕೈಗೆ ಕೊಡೆ. ದಟ್ಟಗಳ್ಳಿಯಲ್ಲಿ ನಮ್ಮ ನೆಂಟರ ಹೊಲದಲ್ಲಿ ಒಂದು ಗುಡಿಸಲಿತ್ತು, ಅಲ್ಲಿಗೆ ಹೋಗಿ ಸುದ್ದಿ ತಣ್ಣಗಾಗುವವರೆಗೆ ಬಿದ್ದಿರುತ್ತಿದ್ದ. ಸಾವಿಲ್ಲದವನ ಆಯುಸ್ಸೆಲ್ಲ ಬೇರೆಯವರ ಸಾವಿಗೆ ಹೆದರಿ ಓಡುವುದರಲ್ಲೇ ಕಳೆಯಿತು.

ಪಕ್ಕದ ಮನೆಯ ಆರೋಗ್ಯಪ್ಪ ಶವದ ಪೆಟ್ಟಿಗೆ ಮಾಡುವ ಬಡಗಿ. ಚರ್ಚಿನ ಹಿಂದೆ ಅವನ ಕೆಲಸದ ಕೊಟ್ಟಿಗೆ. ಇಬ್ಬರೂ ಹಳೆಯ ದೋಸ್ತಿಗಳು, ಸಂಜೆ ಒಂದೇ ಜಗುಲಿಯಲ್ಲಿ ಕೂತು ಕಾಫಿ ಕುಡಿದವರು. ಆರೋಗ್ಯಪ್ಪ ತಮಾಷೆಯ ಮನುಷ್ಯ. "ಜವರಯ್ಯನೋರೆ, ಈ ಬೀದಿ ಜನದ ಅಳತೆ ಎಲ್ಲಾ ನನ್ ಕಣ್ಣಲ್ಲೇ ಅದೆ. ನಿಮ್ದೊಂದು ಅಳಿಸ್ಬುಟ್ಟೆ ಕಣ್ರೀ, ಸುಮ್ನೆ ಮರ ಯಾಕೆ ದಂಡ" ಎಂದು ಒಂದು ಸಂಜೆ ರೇಗಿಸಿದ. ಆವತ್ತಿನಿಂದ ಇವನು ಆ ಜಗುಲಿಯ ಮೇಲೆ ಕೂರಲಿಲ್ಲ. ಪೆಟ್ಟಿಗೆ ಮುಟ್ಟಿದ ಕೈ, ಗಾಳಿಯೂ ತಾಗಬಾರದು ಎಂದ. ಆರೋಗ್ಯಪ್ಪ ಹೊಟ್ಟೆನೋವಿನಲ್ಲಿ ಮಲಗಿ ಕೊನೆಯವರೆಗೂ ಇವನನ್ನು ಕೇಳುತ್ತಿದ್ದ. ಇವನು ದಟ್ಟಗಳ್ಳಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ಆರೋಗ್ಯಪ್ಪನ ಹೆಂಡತಿ ಇನ್ನಾಸಮ್ಮ ಆಮೇಲೂ ಒಂದು ಕೆಟ್ಟ ಮಾತು ಆಡಲಿಲ್ಲ. ನಾನಾಗಿದ್ದರೆ ಆಡುತ್ತಿದ್ದೆ.

ಇನ್ನು ನಮ್ಮಕ್ಕನ ವಿಷಯ. ಕಾಯಕಲ್ಪ ಮುಗಿದ ದಿನ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ಅವಳೇ. ಗಂಡ ಸಾಯುವುದಿಲ್ಲ ಎಂದರೆ ತಾನು ಮುತ್ತೈದೆಯಾಗಿ ಹೋಗುವುದು ಗ್ಯಾರಂಟಿ. ನಮ್ಮಲ್ಲಿ ಮುತ್ತೈದೆ ಸತ್ತರೆ ತವರಿನವರು ಸೀರೆ ತರುತ್ತಾರೆ, ಮದುವಣಗಿತ್ತಿಯ ಹಾಗೆ ಸಿಂಗಾರ ಮಾಡುತ್ತಾರೆ, ಎಲ್ಲ ಆದ ಮೇಲೆ ಗಂಡ ಬಂದು ಹಣೆಗೆ ಕೊನೆಯ ಕುಂಕುಮ ಇಡುತ್ತಾನೆ. ಆ ಕುಂಕುಮ ಬಿದ್ದರೆ ಮುತ್ತೈದೆಯನ್ನು ಕಳಿಸಿಕೊಟ್ಟ ಹಾಗೆ. ಆಮೇಲೇ ಹೆಣ ಎತ್ತುವುದು. ಮಕ್ಕಳಿಲ್ಲದ ಅಕ್ಕನಿಗೆ ದೇವರ ಹತ್ತಿರ ಕೇಳಿಕೊಳ್ಳಲು ಇದ್ದದ್ದು ಇದೊಂದೇ. ಇದನ್ನು ನನ್ನ ಹತ್ತಿರವೂ ಹೇಳುತ್ತಿದ್ದಳು, ಸೀರೆ ಹಸಿರು ತಾ, ಕೆಂಪು ಬೇಡ ಎನ್ನುತ್ತಿದ್ದಳು.

ಅಣ್ಣನ ಮಣ್ಣಿಗೆ ಹೋಗದವನು, ದೋಸ್ತಿಯ ಮಣ್ಣಿಗೆ ಹೋಗದವನು ತನ್ನ ಹೆಣದ ಹತ್ತಿರ ಬರುತ್ತಾನೆಯೇ ಎಂಬುದು ಅವಳಿಗೆ ಹೊಳೆಯಲು ಕೆಲವು ವರ್ಷ ಬೇಕಾಯಿತು. ಒಂದು ದಿನ ಬಡಿಸುತ್ತಾ ನೇರವಾಗಿ ಕೇಳಿದಳು. ಅದೆಲ್ಲ ಈಗ್ಯಾಕೆ ಎಂದು ಇವನು ಇನ್ನೊಂದು ಮುದ್ದೆ ಹಾಕಿಸಿಕೊಂಡ. ಅಲ್ಲಿಂದ ಮುಂದೆ ಅವಳು ಹಸಿರು ಸೀರೆಯ ಮಾತೆತ್ತಲಿಲ್ಲ.

ಅರವತ್ತೊಂದರ ಮಳೆಗಾಲದಲ್ಲಿ ಅವಳಿಗೆ ನ್ಯುಮೋನಿಯಾ ಬಂತು. ಮಾರ್ಕೆಟ್ಟಿನ ಒದ್ದೆ ಗೋಣಿಯ ಶೀತ ಎಲ್ಲಿಗೆ ಹೋಗುತ್ತದೆ. ಇಂಜೆಕ್ಷನ್ ಕೊಡುತ್ತಿದ್ದ ಡಾಕ್ಟರು ನನ್ನನ್ನು ಹೊರಗೆ ಕರೆದು, ಎರಡು ದಿನ ನೋಡೋಣ ಎಂದರು. ಆ ಧ್ವನಿ ಯಾರಿಗೆ ತಿಳಿಯುವುದಿಲ್ಲ. ಒಳಗೆ ಬಂದು ಹಾಸಿಗೆಯ ಪಕ್ಕ ಕೂತೆ. ಇನ್ನಾಸಮ್ಮ ಅಕ್ಕನ ಎದೆಗೆ ಎಣ್ಣೆ ತಿಕ್ಕುತ್ತಿದ್ದಳು. ಜವರಯ್ಯ ಬಗಲಿಗೆ ಚೀಲ ಹಾಕಿಕೊಂಡು ನಿಂತಿದ್ದ. ಕೊಡೆ ಗೋಡೆಗೆ ಒರಗಿತ್ತು. ಕೈಯಲ್ಲಿ ದೇವರ ಗೂಡಿನ ಕುಂಕುಮದ ಭರಣಿ.

"ಈಗ್ಲೇ ಇಟ್ಬುಡ್ತೀನಿ ಕಣೆ" ಎಂದ. "ಆವಾಗ ಇಡೋದೂ ಇದೇ ಕುಂಕುಮ, ಇದೇ ಕೈ. ಒಂದೆರಡು ದಿನ ಮುಂಚೆ ಆದ್ರೆ ಏನಂತೆ. ನಿಂಗೂ ನೆಮ್ದಿ, ನನ್ ಪಥ್ಯನೂ ಉಳೀತದೆ."

ಬದುಕಿರುವವಳ ಹಣೆಗೆ ಸತ್ತವಳ ಕುಂಕುಮ ಇಡುವ ಗಂಡಸನ್ನು ನಾನು ಅದೇ ಮೊದಲು ನೋಡಿದ್ದು. ಎದ್ದೆ. ಯಾಕೆ ಎದ್ದೆ ಎಂದು ಅಕ್ಕನಿಗೆ ಗೊತ್ತಾಗಿರಬೇಕು, ಹಾಸಿಗೆಯಿಂದಲೇ ಒಂದು ಬೆರಳು ಎತ್ತಿದಳು.

"ಕೂತ್ಕೊ ದೇವರಾಜು. ಅವ್ರು ಇಟ್ಬುಡ್ಲಿ." ಆಮೇಲೆ ಗಂಡನ ಕಡೆ ತಿರುಗಿ, ಉಸಿರು ಎಳೆದುಕೊಂಡು ಕೇಳಿದಳು. "ಇದು ಕೊನೇದು ಅಂತ ತಾನೆ ಇಡ್ತಾ ಇರೋದು?"

"ಹೂಂ ಕಣೆ. ಕೊನೇದೆ."

"ಇನ್ನಾಸಮ್ಮನ್ ಮುಖ ನೋಡ್ಕೊಂಡು ಹೇಳಿ."

ಅವನು ಇನ್ನಾಸಮ್ಮನ ಮುಖ ನೋಡಿ, ಕೊನೇದು ಎಂದ. ಅವಸರದಲ್ಲಿ ಇಟ್ಟು ಅರ್ಧ ಕುಂಕುಮ ಮೂಗಿನ ಮೇಲೆ ಚೆಲ್ಲಿದ. ಒರೆಸುವಷ್ಟು ಹೊತ್ತೂ ನಿಲ್ಲಲಿಲ್ಲ. ಕೊಡೆ ತೆಗೆದುಕೊಂಡು ಹೋದ. ಮಂಡಿ ನೋವಿನವನು ಗಲ್ಲಿಯ ತುದಿ ದಾಟಿದ ಚುರುಕು ನೋಡಬೇಕಿತ್ತು.

ಅಕ್ಕ ಸಾಯಲಿಲ್ಲ. ಇಂಜೆಕ್ಷನ್ ಹಿಡಿಯಿತು ಎಂದು ಡಾಕ್ಟರು ಹೇಳಿದರು. ಸಿಟ್ಟು ಹಿಡಿಯಿತು ಎಂದು ನಾನು ಹೇಳುತ್ತೇನೆ. ಕೆಲವು ದಿನ ಕಳೆದು ಜವರಯ್ಯ ಗಲ್ಲಿಯ ಬಾಯಿಗೆ ಬಂದು, ಮುಂದೆ ಹೋಗಲು ಧೈರ್ಯವಿಲ್ಲದೆ ನನ್ನ ಅಂಗಡಿಯ ಮುಂದೆ ನಿಂತ. ಎಲ್ಲ ಮುಗಿಯಿತೇ, ಮನೆ ತೊಳೆದರೇ ಎಂದು ಮೆಲ್ಲಗೆ ಕೇಳಿದ. ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು.

"ಅಕ್ಕ ಅನ್ನ ಮಾಡ್ಕೊಂಡು ಕಾಯ್ತಾವ್ಳೆ. ಹೋಗಿ ಉಣ್ಣಿ" ಎಂದೆ.

ಆಗ ಅವನ ಮುಖದಲ್ಲಿ ಹಾದುಹೋದದ್ದು ಸಂತೋಷವೋ ಬೇಸರವೋ ಎಂದು ಅವನಿಗೇ ತಿಳಿದಿರಲಿಕ್ಕಿಲ್ಲ. ಹೋದ, ಉಂಡ. ಅಕ್ಕ ಬಡಿಸಿದಳು. ಆ ಕುಂಕುಮದ ಮಾತನ್ನು ಅವಳು ಆಗಲೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಮಾಮೂಲಿನಂತೆ ಬೆಳಿಗ್ಗೆ ಎದ್ದು, ಹಣೆಗೆ ಇಟ್ಟುಕೊಂಡು, ಎಲೆ ಮಾರಲು ಹೋಗುತ್ತಿದ್ದಳು.

ಅರವತ್ತನಾಲ್ಕರ ಚಳಿಯಲ್ಲಿ ಎದುರು ಮನೆಯ ಸದಾಶಿವಯ್ಯನವರು ಹಾಸಿಗೆ ಹಿಡಿದರು. ರಿಟೈರಾಗಿ ವರ್ಷಗಳಾಗಿತ್ತು, ಇಂದೋ ನಾಳೆಯೋ ಎನ್ನುವ ಸ್ಥಿತಿ. ಜವರಯ್ಯ ಚೀಲ, ಕೊಡೆ ತೆಗೆದುಕೊಂಡು ದಟ್ಟಗಳ್ಳಿ ಸೇರಿದ. ಅರವತ್ತೆಂಟೋ ಎಪ್ಪತ್ತೋ ಆಗಿತ್ತು ಅವನಿಗೆ. ಬೈರಾಗಿಯ ಎಣ್ಣೆ ಮುಗಿದು ಎಷ್ಟೋ ಕಾಲವಾಗಿತ್ತು, ತಲೆ ಪೂರ್ತಿ ಬಿಳಿ. ಸದಾಶಿವಯ್ಯ ಸರ್ಟಿಫಿಕೇಟು ಕೊಟ್ಟ ಹಲ್ಲು ಬಿದ್ದು, ಅದರ ಪಕ್ಕದವೂ ಬಿದ್ದಿದ್ದವು. ಮುಪ್ಪು ಬಂದರೆ ಬರಲಿ, ಸಾವು ತಪ್ಪಿದೆಯಲ್ಲ ಎಂದು ಲೆಕ್ಕ ಬದಲಾಯಿಸಿಕೊಂಡಿದ್ದ. ಹೊಲದ ಗುಡಿಸಲು, ಇಬ್ಬನಿ, ನೆಲದ ಮೇಲೆ ಹುಲ್ಲು. ಸದಾಶಿವಯ್ಯನವರು ಸಾಯುವ ಸುದ್ದಿ ಕಾಯುತ್ತಾ ಅಲ್ಲೇ ಬಿದ್ದಿದ್ದ. ಅವರು ಎದ್ದು ಕೂತು ಇಡ್ಲಿ ಕೇಳಿದರು. ಇವನನ್ನು ನೆಂಟರು ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಬಂದರು.

ಎದೆ ಗೊರಗೊರ ಎನ್ನುತ್ತಿತ್ತು. ಆಗಲಾದರೂ ಬುದ್ಧಿ ಬಂತೇ ಎಂದರೆ, ಇಲ್ಲ. ಪಥ್ಯ ಮುರಿದವರು ಯಾರು ಎಂಬ ವಿಚಾರಣೆ ಶುರುವಾಯಿತು. ಕೊನೆಗೆ ಅಕ್ಕನ ಮೇಲೆ ಬಂದು ನಿಂತಿತು.

"ನೀನು ಸಾವಿನ್ ಮನೆಗೆಲ್ಲಾ ಎಲೆ ಕೊಟ್ಟೆ. ಆ ಕೈಲಿ ನಂಗೆ ಅನ್ನ ಇಕ್ದೆ. ಅದ್ಕೇ ಇಂಗಾಯ್ತು."

"ಹೂಂ, ಕೊಟ್ಟೆ" ಎಂದಳು ಅಕ್ಕ. "ದಿನಾ ಕೊಡ್ತಿದ್ದೆ. ಅದ್ರಲ್ಲೇ ನೀವು ಇಷ್ಟು ವರ್ಷ ಉಂಡಿದ್ದು."

ಮಾರನೇ ದಿನ ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ಅವನು ಹೋದ. ಬೇರೆ ಎಲ್ಲರೂ ಹೋಗುವ ಹಾಗೆಯೇ, ಬಾಯಿ ತೆರೆದುಕೊಂಡು.

ಜನ ಬಂದರು, ಸುಳ್ಳು ಹೇಳಬಾರದು. ಗಲ್ಲಿ ತುಂಬಿತು. ಅಳುವುದಕ್ಕೆ ಬಂದವರು ಕಡಿಮೆ, ನಿಜವೇ ಎಂದು ನೋಡಿ ಹೋಗಲು ಬಂದವರೇ ಹೆಚ್ಚು. ಹಿಂದೆ ಕಾಲಿಗೆ ಬಿದ್ದವರು ಈಗ ನಾವು ಆವತ್ತೇ ಹೇಳಿದ್ದೆವಲ್ಲ ಎನ್ನುತ್ತಿದ್ದರು. ಸದಾಶಿವಯ್ಯನವರು ಕೋಲೂರಿಕೊಂಡು ಬಂದು ಮುಖ ನೋಡಿ ವಾಪಸು ಹೋದರು. ಹೆಗಲು ಕೊಡುವ ಹೊತ್ತಿಗೆ ಗಲ್ಲಿ ಖಾಲಿ. ಇಲವಾಲದಿಂದ ಮಹದೇವು ಬಂದಿದ್ದ, ಅವನ ತಾಯಿ ಪುಟ್ಟತಾಯಮ್ಮನೂ ಬಂದಿದ್ದಳು. ನಮ್ಮಪ್ಪನಿಗೆ ಕೊಡದ ಹೆಗಲಿಗೆ ನನ್ನ ಹೆಗಲಿಲ್ಲ ಎಂದು ಮಹದೇವು ಬೀದಿಯಲ್ಲೇ ನಿಂತ. ಅವನನ್ನು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಆರೋಗ್ಯಪ್ಪನ ಮಗ ಇನ್ನಾಸಪ್ಪ ತಾನಾಗಿ ಬಂದ. ನಾನು, ಅವನು, ಮಾರ್ಕೆಟ್ಟಿನ ಹಮಾಲಿಗಳಿಬ್ಬರು. ಹೊತ್ತೆವು, ಹೂತೆವು, ಬಂದೆವು.

ಬಂದ ಮೇಲೆ ಇನ್ನೊಂದು ಕೆಲಸ ಇತ್ತು. ಪುಟ್ಟತಾಯಮ್ಮ ವಾರಗಿತ್ತಿ, ಹಿರಿಯಳು, ಗಂಡ ಸತ್ತವಳು. ಅಕ್ಕನ ಬಳೆ ಒಡೆದು, ತಾಳಿ ತೆಗೆದು, ಕುಂಕುಮ ಅಳಿಸುವ ಕೆಲಸ ಅವಳದು. ಹಿತ್ತಿಲ ಕಲ್ಲಿನ ಹತ್ತಿರ ಅಕ್ಕನನ್ನು ಕೂರಿಸಿದರು. ಹೆಂಗಸರು ಸುತ್ತ ನಿಂತರು. ನಾವು ಗಂಡಸರು ಬಾಗಿಲ ಈಚೆ. ಹಸಿರು ಸೀರೆಯ ಆಸೆಯನ್ನು ನಾನು ಮನಸ್ಸಿನಲ್ಲೇ ಮಡಿಸಿಟ್ಟು ಮುಖ ತಿರುಗಿಸಿ ನಿಂತಿದ್ದೆ. ಪುಟ್ಟತಾಯಮ್ಮ ಕೈ ನೀಡು ಎಂದಳು. ಅಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಯಾವ ಕುಂಕುಮ ಅಳಿಸ್ತೀಯಕ್ಕ?" ಎಂದಳು. "ಇದು ಮುತ್ತೈದೆ ಸತ್ತಾಗ ಇಡೋ ಕುಂಕುಮ. ಮೂರು ವರ್ಷದ್ ಹಿಂದೆ ಅವ್ರೇ ಬಂದು ಇಟ್ರು. ಕೊನೇದು ಅಂತ ಹೇಳಿ ಇಟ್ರು. ಆವತ್ತೇ ನನ್ನ ಕಳಿಸ್ಬುಟ್ರು. ಹೋದೋಳ್ನ ತಿರ್ಗ ಕೂರ್ಸಿ ಮುಂಡೆ ಮಾಡ್ತೀರಾ?"

ಇನ್ನಾಸಮ್ಮ ಗುಂಪಿನ ಹಿಂದಿನಿಂದ, ಹೌದು, ನಾನಿದ್ದೆ, ನನ್ನ ಮುಖ ನೋಡಿ ಹೇಳಿದರು ಎಂದಳು. ದೇವರಾಜುವೂ ಇದ್ದ ಎಂದಳು. ಇದ್ದೆ ಎಂದು ನಾನು ಈಚೆಯಿಂದ ಹೇಳಿದೆ.

ಗಂಡಸರ ಕಡೆ ಗೊಣಗಾಟ ಎದ್ದಿತು. ಪದ್ಧತಿ ಎಂದರು, ಊರು ಏನನ್ನುತ್ತದೆ ಎಂದರು. ಶಾಸ್ತ್ರಕ್ಕೆ ಬಂದಿದ್ದ ಅಯ್ಯನವರನ್ನು ಕೇಳಿದರೆ, ಕೊನೆಯ ಕುಂಕುಮ ಒಂದೇ ಸಲ, ಅದು ಬಿದ್ದ ಮೇಲೆ ಮುತ್ತೈದೆ ಮುತ್ತೈದೆಯೇ, ಆದರೆ ಬದುಕಿದ್ದವಳಿಗೆ ಯಾರೂ ಇಟ್ಟದ್ದಿಲ್ಲವಲ್ಲ ಎಂದು ತಡವರಿಸಿದರು. ಮಹದೇವು ಅವರನ್ನೆಲ್ಲ ದಾಟಿ ಬಾಗಿಲಿಗೆ ಬಂದು, ಬೇಗ ಮುಗಿಸವ್ವ, ಬಸ್ಸಿಗೆ ಹೊತ್ತಾಯಿತು ಎಂದು ತಾಯಿಯನ್ನು ಅವಸರ ಮಾಡಿದ.

ಪುಟ್ಟತಾಯಮ್ಮ ಬಳೆ ಒಡೆಯಲು ಹಿಡಿದಿದ್ದ ಗುಂಡುಕಲ್ಲನ್ನು ಇನ್ನೂ ಕೈಯಲ್ಲೇ ಇಟ್ಟುಕೊಂಡಿದ್ದಳು. ಅವಳ ಕೈ ಬರಿದಾಗಿ ಆಗಲೇ ಎಷ್ಟೋ ವರ್ಷ. ಅಕ್ಕನ ಹಣೆಯನ್ನೇ ನೋಡುತ್ತಿದ್ದಳು.

"ಸುಮ್ಕಿರ್ಲಾ" ಎಂದಳು ಮಗನಿಗೆ. ಕಲ್ಲನ್ನು ನೆಲಕ್ಕೆ ಹಾಕಿ, ಅಕ್ಕನ ಪಕ್ಕದಲ್ಲಿ ಕಾಲು ಚಾಚಿ ಕೂತು, ಕುಡಿಯಲು ಒಂದು ಚೊಂಬು ನೀರು ಕೇಳಿದಳು.